ಟಣ್ಣಕ್ಕನ ಅಚ್ಚು

ಕಂಪನಿ ಅಂದಮೇಲೆ ಒಂದಲ್ಲ ಒಂದು ಹುಚ್ಚು ಇದ್ದೇ ಇರುತ್ತದೆ. ಒಂದು ಕಡೆ ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಇನ್ನೊಂದು ಕಡೆ ಕೆಲಸಕ್ಕೆ ಮೊದಲು ಕೈಕಾಲು ಆಡಿಸುವ ಕಸರತ್ತು. ಈ ಎರಕದ ಕಾರ್ಖಾನೆಯ ಹುಚ್ಚು ನಾಯಕರನ್ನು ತಯಾರಿಸುವುದು. ಬಸ್ಸುಗಳಿಗೆ ಕಬ್ಬಿಣದ ಬ್ರೇಕ್ ಡ್ರಮ್ಮು ಎರಕ ಹೊಯ್ಯುವುದು ಅವರ ಕಸುಬು. ಆದರೆ ಯಾರನ್ನು ಕೇಳಿದರೂ ಡ್ರಮ್ಮು ಆಮೇಲೆ, ಮೊದಲು ನಾಯಕರು ಅನ್ನುತ್ತಿದ್ದರು. ಗೇಟಿನ ಪಕ್ಕದ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ‘ಹಂತ ಹಂತಕ್ಕೂ ನಾಯಕರು’ ಎಂದು ಬರೆಸಿದ್ದರು. ಮ್ಯಾನೇಜರಿನಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರೂ ನಾಯಕರೇ. ಹಾಗಾದರೆ ಹಿಂದೆ ಬರುವವರು ಯಾರಪ್ಪ ಎಂದು ಕೇಳುವ ಹಾಗಿರಲಿಲ್ಲ. ಹಾಗೆ ಕೇಳಿದವನಿಗೂ ಅಲ್ಲಿ ಒಂದು ತರಬೇತಿ ಇತ್ತು.

ನಿಯಮ ಒಂದೇ. ತನ್ನ ಜಾಗಕ್ಕೆ ತನ್ನಂಥವರನ್ನೇ ಒಬ್ಬರನ್ನು ತಯಾರು ಮಾಡದೆ ಯಾರೂ ಮೇಲಿನ ಹಂತಕ್ಕೆ ಹೋಗುವಂತಿಲ್ಲ. ಎರಕದ ಜನರಲ್ಲವೆ, ಇದಕ್ಕೂ ತಮ್ಮ ಕಸುಬಿನ ಮಾತನ್ನೇ ಅಂಟಿಸಿದ್ದರು: ‘ಅಚ್ಚು ಕೊಡುವುದು’. ಗೇಟಿನ ಹಳೆಯ ಕಾವಲುಗಾರ ಅಚ್ಚು ಕೊಟ್ಟು ಉಗ್ರಾಣಕ್ಕೆ ಹೋದ. ಅವನ ಜಾಗಕ್ಕೆ ಬಂದವನು ಥೇಟ್ ಅವನ ಹಾಗೆಯೇ ಎಡಗೈಯಿಂದ ಬಲಗಿವಿ ಕೆರೆಯುತ್ತ ಗೇಟು ತೆರೆಯತೊಡಗಿದ. ಜನ ನಕ್ಕರು, ಗಿಳಿಪಾಠ ಅಂದರು. ಉಗ್ರಾಣಕ್ಕೆ ಹೋದ ಹಳೆಯ ಕಾವಲುಗಾರ ಆಮೇಲೆ ಕಿವಿ ಕೆರೆಯುವುದನ್ನೇ ಬಿಟ್ಟಿದ್ದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಈ ಕಾರ್ಖಾನೆಯಲ್ಲಿ ಟಣ್ಣಕ್ಕ ಎಂಬ ಹೆಂಗಸು ಡ್ರಮ್ಮುಗಳನ್ನು ತಟ್ಟಿ ನೋಡುವ ಮೇಜಿನ ಯಜಮಾನಿ. ತಣ್ಣಗಾಗಿ ಬಂದ ಒಂದೊಂದು ಡ್ರಮ್ಮನ್ನೂ ಹಗ್ಗದ ಕುಣಿಕೆಗೆ ತೂಗುಹಾಕಿ ಪುಟ್ಟ ಸುತ್ತಿಗೆಯಿಂದ ತಟ್ಟುವುದು, ಕಿವಿಗೊಡುವುದು. ಗಟ್ಟಿ ಡ್ರಮ್ಮು ‘ಟಣ್’ ಎಂದು ಎಳೆದು ಹಾಡುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಆ ನಾದ ಅರ್ಧಕ್ಕೇ ಬಿದ್ದುಹೋಗುತ್ತದೆ. ದಿನವಿಡೀ ಟಣ್ ಟಣ್ ಅನ್ನಿಸುತ್ತಿದ್ದುದರಿಂದ ಅವಳಿಗೆ ಆ ಹೆಸರು ಬಂತು, ಅಪ್ಪ ಅಮ್ಮ ಇಟ್ಟ ಹೆಸರು ಕಪಾಟು ಸೇರಿತು. ತಟ್ಟುವಾಗ ಎಡಗಣ್ಣು ಮುಚ್ಚುತ್ತಿದ್ದಳು, ಕತ್ತನ್ನು ಒಂಚೂರು ಓರೆ ಮಾಡುತ್ತಿದ್ದಳು, ತುಟಿಯಲ್ಲೇ ಏನೋ ಅಂದುಕೊಳ್ಳುತ್ತಿದ್ದಳು. ಮನೆಗೆ ಹೋದರೂ ಚಾಳಿ ಬಿಡದು. ಬಾಗಿಲನ್ನು ಬೆರಳ ಗೆಣ್ಣಿನಿಂದ ಎರಡು ಸಲ ಬೇಗ ಬೇಗ ತಟ್ಟಿ, ಸ್ವಲ್ಪ ತಡೆದು ಮೂರನೆಯ ಸಲ ಮೆಲ್ಲಗೆ ತಟ್ಟುತ್ತಿದ್ದಳು.

ಮನೆಯಲ್ಲಿ ಅತ್ತೆ, ಗಂಡ, ಶಾಲೆಗೆ ಹೋಗುವ ಮಗಳು. ಗಂಡ ಊರೊಳಗಿನ ಬಸ್ಸಿನ ಡ್ರೈವರು. ಅತ್ತೆಗೆ ಕಣ್ಣು ಮಂಜು, ಬಾಯಿ ಮಾತ್ರ ಚುರುಕು. "ಬಾಗಿಲು ನಮ್ಮದೇ ಕಣೇ, ಬಿರುಕು ಬಿಟ್ಟಿಲ್ಲ, ಒಳಗೆ ಬಾ" ಎಂದು ದಿನವೂ ಅನ್ನುತ್ತಿದ್ದಳು. ಹಾಗೆ ಅನ್ನದಿದ್ದರೆ ಸೊಸೆಗೆ ಮನೆಗೆ ಬಂದಂತೆಯೇ ಆಗುತ್ತಿರಲಿಲ್ಲ. ಬಾಗಿಲ ಸದ್ದು ಕೇಳಿದ ಕೂಡಲೇ ಮಗಳು ಹೋಗಿ ಮಂಚದ ಕೆಳಗೋ ಪರದೆಯ ಹಿಂದೋ ಅಡಗುತ್ತಿತ್ತು. "ಎಲ್ಲಿದ್ದೀಯೇ ಚೂರೂ?" ಎಂದು ಅಮ್ಮ ಕರೆಯಬೇಕು, ಆಗಲೇ ಅದು ಹೊರಗೆ ಬರುವುದು. ಬೇರೆ ಏನೆಂದು ಕರೆದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಟಣ್ಣಕ್ಕನಿಗೆ ಕೆಲಸ ಕಲಿಸಿದವನು ಒಬ್ಬ ಮೇಸ್ತ್ರಿ. ಅವನು ಅವಳಿಗೆ ಅಚ್ಚು ಕೊಟ್ಟು ಮೇಲಿನ ಮಹಡಿಗೆ ಹೋಗಿ ವರ್ಷಗಳೇ ಆಗಿದ್ದವು. ಈಗ ಅವಳ ಸರದಿ ಬಂತು. ತರಬೇತಿಯ ಮೇಡಂ ಒಬ್ಬ ಹುಡುಗಿಯನ್ನು ಕರೆದುಕೊಂಡು ಕೆಳಗಿಳಿದು ಬಂದಳು.

"ಇವರಿಗೆ ನಿಮ್ಮ ಅಚ್ಚು ಕೊಡಿ. ಆಮೇಲೆ ನೀವು ಮೇಲೆ."

"ನನ್ನಂಥವಳಿಗೆ ಮೇಲೇನು ಕೆಲಸ ಮೇಡಂ?"

ಮೇಡಂ ಕತ್ತು ಆಡಿಸಿ ನಕ್ಕಳು. "ನಿಮಗೇನು ಅನಿಸುತ್ತೆ?"

ಇದು ಮಹಡಿಯವರ ಮಾತು. ಅಲ್ಲಿ ಯಾರೂ ಯಾವುದಕ್ಕೂ ಉತ್ತರ ಹೇಳುತ್ತಿರಲಿಲ್ಲ. ನಾಯಕನಾದವನು ಉತ್ತರ ಕೊಡಬಾರದು, ಕೇಳಿದವನಿಂದಲೇ ಉತ್ತರ ಹೊರಡಿಸಬೇಕು ಎಂದು ಅವರಿಗೆ ಕಲಿಸಿದ್ದರಂತೆ. ಚಹಾ ಆಯ್ತಾ ಅಂದರೂ ನಿಮಗೇನು ಅನಿಸುತ್ತೆ ಅನ್ನುವ ಜನ.

ಟಣ್ಣಕ್ಕನಿಗೆ ಸಂತೋಷವಾಗಿದ್ದು ಸುಳ್ಳಲ್ಲ. ಕೆಳಗೆ ಕುಲುಮೆಯ ಕಾವು, ಮೂಗಿನ ತುಂಬ ಕರಿ ಮರಳು. ಮೇಲೆ ತಣ್ಣನೆಯ ಗಾಳಿ, ಗಾಜಿನ ಕೋಣೆ, ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ನನ್ನನ್ನೂ ನಾಯಕಿ ಅಂದರಲ್ಲ ಎಂಬ ಹಿಗ್ಗು. ಬೇಡ ಅನ್ನಲು ಅವಳೇನು ಸನ್ಯಾಸಿಯೆ?

ಕುಲುಮೆಯ ಮುಂದೆ ಕರಗಿದ ಕಬ್ಬಿಣ ಹೊಯ್ಯುವವನೊಬ್ಬನಿದ್ದ. ಅವನನ್ನು ಎಲ್ಲರೂ ಕೆಂಡ ಎಂದು ಕರೆಯುತ್ತಿದ್ದರು. ಎಷ್ಟು ಸಲ ಹೇಳಿದರೂ ನನಗೆ ನಾಯಕತ್ವ ಬೇಡಪ್ಪ, ತಲೆನೋವು ಎಂದು ತಪ್ಪಿಸಿಕೊಂಡವನು. ಸುದ್ದಿ ಕೇಳಿ ಅವನು ಟಣ್ಣಕ್ಕನ ಮೇಜಿನ ಹತ್ತಿರ ಬಂದ.

"ಅಕ್ಕಾ, ಅಚ್ಚು ಕೊಡ್ತೀಯಂತೆ."

"ಹೂಂ ಕಣೋ. ಹೊಟ್ಟೆಕಿಚ್ಚಾ?"

"ಅಲ್ಲ, ನಮ್ಮಲ್ಲಿ ಅಚ್ಚು ಅಂದ್ರೆ ಮರಳಿಂದು. ಅದನ್ನ ಒಡೆದ್ರೇನೇ ಡ್ರಮ್ಮು ಹೊರಗೆ ಬರೋದು. ಒಡೆದ ಮರಳನ್ನ ಕಲಸಿ ಇನ್ನೊಂದು ಅಚ್ಚು ಮಾಡ್ತೀವಿ. ಅಷ್ಟೇ ನನಗೆ ಗೊತ್ತಿರೋದು."

"ಹೋಗೋ, ಬೆಳಗ್ಗೇನೇ ಅಪಶಕುನ ನುಡಿಯೋಕೆ ಬಂದ" ಎಂದು ಟಣ್ಣಕ್ಕ ನಕ್ಕು ಕಳಿಸಿದಳು.

ಹೊಸಬಳು ಜಾಣೆ. ಮಾತು ಕಡಿಮೆ, ಕಣ್ಣು ದೊಡ್ಡದು. ದೂರದಲ್ಲೆಲ್ಲೋ ಅಮ್ಮ ಇದ್ದಾಳೆ, ವಾರಕ್ಕೊಮ್ಮೆ ಫೋನು ಮಾಡುತ್ತೇನೆ ಎಂದಳು. ಟಣ್ಣಕ್ಕ ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ಸುತ್ತಿಗೆ ಹಿಡಿಯುವುದು ಬಂತು. ಎಡಗಣ್ಣು ಮುಚ್ಚುವುದು ಬಂತು, ಕತ್ತು ಓರೆಯಾಯಿತು. ಮೀನಿಗೆ ಈಜು ಕಲಿಸಿದ ಹಾಗಿತ್ತು. ಅದೂ ಸರಿ, ಆದರೆ ಕಲಿಸದೇ ಇದ್ದದ್ದೂ ಬರತೊಡಗಿತು. ಟಣ್ಣಕ್ಕನಿಗೆ ನಗುವಾಗ ಕೊನೆಯಲ್ಲಿ ಒಂದು ಸಣ್ಣ ಬಿಕ್ಕಳಿಕೆ. ಅದು ಆ ಹುಡುಗಿಗೂ ಬಂತು. ಟಣ್ಣಕ್ಕ ಬಸುರಿಯಾಗಿದ್ದಾಗ ಸೊಂಟ ಹಿಡಿದುಕೊಂಡು ಏಳುವ ಅಭ್ಯಾಸವಾಗಿ ಅದು ಹಾಗೆಯೇ ಉಳಿದಿತ್ತು. ಮದುವೆಯೇ ಆಗದ ಆ ಹುಡುಗಿಯೂ ಸೊಂಟ ಹಿಡಿದುಕೊಂಡು ಏಳತೊಡಗಿದಳು.

"ಅಕ್ಕ, ತಟ್ಟೋ ಮುಂಚೆ ತುಟಿಯಲ್ಲಿ ಏನೋ ಅಂದ್ಕೋತೀರಲ್ಲ, ಏನದು?" ಎಂದು ಒಂದು ದಿನ ಕೇಳಿದಳು.

ಟಣ್ಣಕ್ಕನಿಗೆ ನಾಚಿಕೆಯಾಯಿತು. ಅವಳು ಅನ್ನುತ್ತಿದ್ದುದು ‘ಹೇಳೇ ಚೂರೂ’ ಎಂದು. ಮಗಳನ್ನು ಕರೆಯುವ ಮಾತು ಅದು. ಕಬ್ಬಿಣದ ಡ್ರಮ್ಮಿಗೆ ಮುದ್ದು ಮಾಡುತ್ತೇನೆ ಎಂದು ಯಾರಿಗೆ ಹೇಳುವುದು?

"ಏನಿಲ್ಲಮ್ಮ, ಎಣಿಸ್ತೀನಿ" ಅಂದುಬಿಟ್ಟಳು.

ಅಂದಿನಿಂದ ಆ ಹುಡುಗಿ ತುಟಿಯಲ್ಲೇ ಒಂದು ಎರಡು ಮೂರು ಎಂದು ಎಣಿಸಿ ತಟ್ಟತೊಡಗಿದಳು.

ಒಂದು ರಜೆಯ ದಿನ ಟಣ್ಣಕ್ಕ ಅವಳನ್ನು ಊಟಕ್ಕೆ ಕರೆದಳು. ಮಧ್ಯಾಹ್ನ ತಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಮುಂಬಾಗಿಲ ಮೇಲೆ ಸದ್ದಾಯಿತು. ಎರಡು ಸಲ ಬೇಗ ಬೇಗ, ಸ್ವಲ್ಪ ತಡೆದು ಮೂರನೆಯದು ಮೆಲ್ಲಗೆ.

"ಬಾಗಿಲು ನಮ್ಮದೇ ಕಣೇ, ಒಳಗೆ ಬಾ" ಎಂದು ಒಳಗಿನಿಂದ ಅತ್ತೆಯ ದನಿ.

ಟಣ್ಣಕ್ಕನ ಕೈಯಲ್ಲಿದ್ದ ಒದ್ದೆ ಸೀರೆ ನೆಲಕ್ಕೆ ಬಿತ್ತು. ಓಡಿ ಬಂದು ನೋಡಿದರೆ ಹೊಸಬಳು ಹೊಸ್ತಿಲಲ್ಲಿ ನಿಂತಿದ್ದಾಳೆ, ಅತ್ತೆ ಅವಳ ಕೈ ಹಿಡಿದು, "ಯಾಕೇ ಕೈ ಇಷ್ಟು ತಣ್ಣಗಿದೆ, ಬಟ್ಟೆ ಆಮೇಲೆ ಹಿಂಡಿದ್ರಾಗ್ತಿರಲಿಲ್ವಾ" ಎಂದು ಗದರುತ್ತಿದ್ದಾಳೆ.

"ಅತ್ತೆ, ನಾನು ಇಲ್ಲಿದ್ದೀನಿ" ಅಂದಳು ಟಣ್ಣಕ್ಕ.

ಅತ್ತೆ ಆ ದನಿಯತ್ತ ತಿರುಗಿದಳು, ಮತ್ತೆ ಈ ಕೈಯತ್ತ ತಿರುಗಿದಳು. "ಅಯ್ಯೋ ಶಿವನೆ, ನನ್ನ ಕಣ್ಣಂತೂ ಹೋಯ್ತು, ಈಗ ಕಿವಿಯೂ ಹೋಯ್ತಾ?" ಎಂದು ನಗಲು ನೋಡಿದಳು. ನಗು ಪೂರ್ತಿ ಬರಲಿಲ್ಲ. ಊಟದ ಹೊತ್ತಿಗೆ ಗಂಡನೂ ಬಂದ. ಇಬ್ಬರನ್ನೂ ನೋಡಿ, "ಪಡಿಯಚ್ಚು ಕಣೇ. ಎರಕ ಹೊಯ್ದ ಹಾಗಿದ್ದಾಳೆ, ಎಲ್ಲಿಂದ ಹುಡುಕಿದೆ?" ಎಂದು ತಮಾಷೆ ಮಾಡಿದ. ಮಗಳು ಮಾತ್ರ ಆ ಹುಡುಗಿಯ ಹತ್ತಿರ ಸುಳಿಯಲಿಲ್ಲ. ಅಮ್ಮನ ಸೆರಗು ಹಿಡಿದುಕೊಂಡೇ ಉಂಡಿತು.

ಮರುದಿನ ಮೇಜಿನ ಮುಂದೆ ಕೂತ ಟಣ್ಣಕ್ಕ ಒಂದು ಡ್ರಮ್ಮು ತಟ್ಟಿದಳು. ಟಣ್ ಅಂದಿತು. ಎರಡನೆಯದೂ ಟಣ್ ಅಂದಿತು. ಮೂರನೆಯದರ ಅಂಚಿನಲ್ಲಿ ಕಣ್ಣಿಗೇ ಕಾಣುವ ಬಿರುಕಿತ್ತು. ತಟ್ಟಿದರೆ ಅದೂ ಟಣ್ ಅಂದಿತು. ಅವಳು ಸುತ್ತಿಗೆ ಬದಲಿಸಿದಳು, ಕಿವಿಗೆ ಬೆರಳು ಹಾಕಿ ತೆಗೆದಳು. ಏನು ಮಾಡಿದರೂ ಎಲ್ಲ ಡ್ರಮ್ಮೂ ಒಂದೇ ಸಮನೆ ಹಾಡುತ್ತಿದ್ದವು. ಪಕ್ಕದಲ್ಲಿ ಹೊಸಬಳು ಕತ್ತು ಓರೆ ಮಾಡಿ, ಎಡಗಣ್ಣು ಮುಚ್ಚಿ, "ಇದು ಬೇಡ, ಇದು ಬೇಡ" ಎಂದು ಬಿರುಕಿನವನ್ನು ಪಕ್ಕಕ್ಕಿಡುತ್ತಿದ್ದಳು. ಅವಳಿಗೂ ಎಲ್ಲವೂ ಸಿಗುತ್ತಿರಲಿಲ್ಲ. ದೊಡ್ಡ ಬಿರುಕು ಕೇಳುತ್ತಿತ್ತು, ಕೂದಲೆಳೆಯಂಥವು ತಪ್ಪಿಹೋಗುತ್ತಿದ್ದವು.

ಕಲಿಸಿದ ಗುರುವನ್ನೇ ಕೇಳೋಣ ಎಂದು ಟಣ್ಣಕ್ಕ ಮಹಡಿ ಹತ್ತಿದಳು. ಮೇಸ್ತ್ರಿ ಗಾಜಿನ ಕೋಣೆಯಲ್ಲಿ ಅಂಗೈ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ. ಬಿಳಿ ಅಂಗಿ, ಉಗುರಿನಲ್ಲಿ ಒಂದು ಚಿಟಿಕೆ ಕಪ್ಪಿಲ್ಲ. ಒಂದು ಕಾಲದಲ್ಲಿ ಅವನು ಮಾತಾಡಿದರೆ ಇಡೀ ಕಾರ್ಖಾನೆಗೆ ಕೇಳುತ್ತಿತ್ತು.

"ಮೇಸ್ತ್ರಿ, ನಾನು. ಕಿವಿ ಕೆಲಸ ಮಾಡ್ತಿಲ್ಲ. ನಿಮಗೂ ಹೀಗೆ ಆಗಿತ್ತಾ?"

"ಬನ್ನಿ, ಕೂತ್ಕೊಳ್ಳಿ" ಅಂದ. ಏನೇ ಹುಡುಗಿ ಎಂದು ಕರೆಯುತ್ತಿದ್ದವನು ಬಹುವಚನ ಹಚ್ಚಿದ.

ಟಣ್ಣಕ್ಕ ಸೆರಗಿನಲ್ಲಿ ಸುತ್ತಿ ತಂದಿದ್ದ ಸುತ್ತಿಗೆಯನ್ನು ಅವನ ಕೈಗಿಟ್ಟಳು. ಅದು ಅವನದೇ ಹಳೆಯ ಸುತ್ತಿಗೆ, ಹಿಡಿಯಲ್ಲಿ ಅವನ ಹೆಬ್ಬೆರಳು ಸವೆಸಿದ ಗುಳಿಯಿತ್ತು. ಮೇಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕಬ್ಬಿಣದ ತುದಿಯನ್ನೇ ಹಿಡಿದುಕೊಂಡ.

"ಇದರಿಂದ ಏನ್ ಮಾಡ್ತಾರೆ?" ಎಂದು ಅವನು ಕೇಳಿದ.

"ತಮಾಷೆ ಮಾಡಬೇಡಿ ಮೇಸ್ತ್ರಿ. ನನಗೆ ಭಯ ಆಗ್ತಿದೆ. ಏನ್ ಮಾಡ್ಲಿ ಹೇಳಿ."

ಮೇಸ್ತ್ರಿ ತರಬೇತಿ ಮೇಡಂ ಹಾಗೆಯೇ ಕತ್ತು ಆಡಿಸಿದ, ಅವಳ ಹಾಗೆಯೇ ನಕ್ಕ. "ನಿಮಗೇನು ಅನಿಸುತ್ತೆ?"

ಆ ಕೋಣೆಯ ಆಚೆ ಇನ್ನೊಂದು ಗಾಜಿನ ಕೋಣೆ, ಅದರಾಚೆ ಮತ್ತೊಂದು. ಎಲ್ಲದರಲ್ಲೂ ಒಬ್ಬೊಬ್ಬರು ಅಂಗೈ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ಟಣ್ಣಕ್ಕ ಸುತ್ತಿಗೆ ಕಿತ್ತುಕೊಂಡು ಬಿರಬಿರನೆ ಕೆಳಗಿಳಿದಳು.

ಅದೇ ವಾರ ಮಗಳ ಜೊತೆ ತರಕಾರಿ ಅಂಗಡಿಗೆ ಹೋಗಿದ್ದಳು. ಮಗಳು ಯಾವುದೋ ಬೆಕ್ಕಿನ ಹಿಂದೆ ಹೊರಟಿತು. "ಬಾರೇ ಚೂರೂ, ಗಾಡಿಗಳು ಬರ್ತವೆ" ಎಂದು ಟಣ್ಣಕ್ಕ ಕೂಗಿದಳು. ಪಕ್ಕದಲ್ಲಿ ಸೊಪ್ಪು ಆರಿಸುತ್ತಿದ್ದ ಹೆಂಗಸೊಬ್ಬಳ ಕೈಯಿಂದ ಚೀಲ ಜಾರಿ ಈರುಳ್ಳಿಯೆಲ್ಲ ಬೀದಿಪಾಲಾಯಿತು. ನೋಡಿದರೆ ಮೇಸ್ತ್ರಿಯ ಹೆಂಡತಿ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಇನ್ನೊಂದು ಸಲ ಅನ್ನಮ್ಮಾ" ಅಂದಳು.

"ಏನು ಅನ್ನಲಿ ಅಕ್ಕ?"

"ಅದೇ, ಈಗ ಕರೆದ್ಯಲ್ಲ. ನಮ್ಮನೆಯವರು ನಮ್ಮ ಮಗಳನ್ನ ಹಾಗೇ ಕರೀತಿದ್ರು. ಚೂರು, ಚೂರು ಅಂತ. ಕೆಲಸದಲ್ಲೂ ಡ್ರಮ್ಮಿಗೆ ಹಾಗೇ ಅಂತೀನಿ ಅಂತ ನಗ್ತಿದ್ರು. ಮೇಲೆ ಹೋದಾಗಿಂದ ಅವಳನ್ನ ಹೆಸರು ಹಿಡಿದು ಕರೀತಾರೆ. ಅಪ್ಪಾ ಹಾಗೆ ಕರಿ ಅಂತ ಅವಳು ಅತ್ತರೆ, ನಿನಗೇನು ಅನಿಸುತ್ತೆ ಅಂತಾರೆ. ಈಗ ಅವಳೂ ಅವರ ಮುಂದೆ ಹೋಗೋದು ಬಿಟ್ಟಿದ್ದಾಳೆ."

ಟಣ್ಣಕ್ಕ ಈರುಳ್ಳಿ ಆರಿಸಿಕೊಡುತ್ತ ಕೂತುಬಿಟ್ಟಳು. ಮಗಳು ಹುಟ್ಟಿದ ದಿನ ತನ್ನ ಬಾಯಿಗೆ ತಾನಾಗಿ ಬಂದ ಮಾತು ಅದೆಂದು ನಂಬಿಕೊಂಡಿದ್ದಳು. ಬಾಗಿಲು ತಟ್ಟುವುದು? ಅದೂ ಮೇಸ್ತ್ರಿ ಡ್ರಮ್ಮು ತಟ್ಟುತ್ತಿದ್ದ ರೀತಿಯೇ. ನಗುವಿನ ಕೊನೆಯ ಬಿಕ್ಕಳಿಕೆ? ಅದನ್ನು ನೆನಪು ಮಾಡಿಕೊಳ್ಳಲು ಅವಳಿಗೆ ಧೈರ್ಯವಾಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಮೇಸ್ತ್ರಿ ಎಂಬ ಅಚ್ಚು ಒಡೆಯಿತು, ತಾನು ಹೊರಬಂದಳು. ಈಗ ಒಡೆಯುವ ಸರದಿ ತನ್ನದು. ಎಲ್ಲವೂ ಆ ಹುಡುಗಿಗೆ ಹೋಗಿದೆ, ಹೋಗದೆ ಉಳಿದದ್ದು ಒಂದೇ ಮಾತು. ಅದನ್ನು ಕೊಡದಿದ್ದರೆ ತಾನು ಇನ್ನೂ ಈ ಮಗುವಿನ ಅಮ್ಮ.

ಮಾರನೆಯ ದಿನ ಬೆಳಗ್ಗೆಯೇ ಮೇಡಂ ಹತ್ತಿರ ಹೋಗಿ, "ನಾನು ಮೇಲೆ ಬರಲ್ಲ. ನನಗೆ ಈ ನಾಯಕತ್ವ ಬೇಡ" ಅಂದಳು. ಮೇಡಂ ಸಿಟ್ಟಾಗಲಿಲ್ಲ, ಕತ್ತು ಆಡಿಸಿದಳು, ಅಷ್ಟೆ. ಟಣ್ಣಕ್ಕ ವಾಪಸು ಬಂದು ಬಾಯಿಗೆ ಬೀಗ ಹಾಕಿಕೊಂಡು ಕೂತಳು. ತಟ್ಟುವಾಗ ತುಟಿ ಆಡಿಸುವುದನ್ನೂ ನಿಲ್ಲಿಸಿದಳು. ಕಿವಿ ಹೋದರೆ ಹೋಗಲಿ, ಮೂಲೆಯಲ್ಲಿ ಮರಳು ಜರಡಿ ಹಿಡಿದಾದರೂ ಬದುಕುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದಳು.

ಹಾಗೆ ಕೆಲವು ದಿನ ಕಳೆದವು. ಒಂದು ಸಂಜೆ ಗಂಡ ಮನೆಗೆ ಬಂದವನು ಕಾಲು ತೊಳೆಯದೆ ಕುರ್ಚಿಯಲ್ಲಿ ಕುಸಿದ. ಅವನ ಜೊತೆಗಾರನ ಬಸ್ಸು ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋಗಿ ಗೋಡೆಗೆ ಗುದ್ದಿತ್ತು. ಯಾರ ಜೀವವೂ ಹೋಗಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಒಬ್ಬ ಮುದುಕಿಯ ಕೈ ಮುರಿದಿತ್ತು. ಚಕ್ರ ಬಿಚ್ಚಿ ನೋಡಿದರೆ ಹೊಚ್ಚಹೊಸ ಡ್ರಮ್ಮು ಎರಡು ಹೋಳಾಗಿತ್ತಂತೆ.

"ನಿಮ್ಮಲ್ಲಿಂದ ಬಂದದ್ದೇ ಕಣೇ ಅದು" ಅಂದ ಗಂಡ. "ನೀನು ತಟ್ಟಿ ಬಿಟ್ಟ ಡ್ರಮ್ಮು ಒಡೆಯಲ್ಲ ಅಂತ ಡಿಪೋದಲ್ಲಿ ನಾನೇ ಜಂಬ ಕೊಚ್ಚಿಕೊಂಡಿದ್ದೆ. ನಾಡಿದ್ದು ನನ್ನ ಬಸ್ಸಿಗೂ ಹೊಸದು ಹಾಕ್ತಾರೆ."

ಟಣ್ಣಕ್ಕನ ಕಿವಿ ಹೋದಾಗಿನಿಂದ ಗಟ್ಟಿ ಎಂದು ಡ್ರಮ್ಮು ಬಿಡುತ್ತಿದ್ದವಳು ಹೊಸಬಳು. ಒಂದು ಎರಡು ಮೂರು ಎಂದು ಎಣಿಸುತ್ತ ಬಿಟ್ಟಿದ್ದಳು. ಎಣಿಸು ಎಂದವರು ಯಾರು? ‘ಹೇಳೇ ಚೂರೂ’ ಎಂದು ಕೇಳಿಕೊಂಡಾಗ ಕಿವಿ ತಾನೇ ಮೃದುವಾಗುತ್ತಿತ್ತು, ಮಗುವಿನ ಉಸಿರು ಕೇಳುವ ಹಾಗೆ ಕಬ್ಬಿಣದೊಳಗಿನ ಎಳೆ ಬಿರುಕೂ ಕೇಳುತ್ತಿತ್ತು. ಎಣಿಸುವವಳಿಗೆ ಅದು ಎಲ್ಲಿಂದ ಕೇಳಬೇಕು? ತನ್ನ ಕಿವಿಯಂತೂ ಸತ್ತಿದೆ. ಕೊಟ್ಟರೆ ಮಗಳ ಮಾತು ಹೋಗುತ್ತದೆ, ಕೊಡದಿದ್ದರೆ ಬಸ್ಸು ಬಸ್ಸಿನಷ್ಟು ಜನ. ಅದರಲ್ಲಿ ಒಂದು ಬಸ್ಸಿನ ಡ್ರೈವರು ಇವನು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ಸಂಜೆ ಅವಳು ಮಗಳನ್ನು ಮಡಿಲಿಂದ ಇಳಿಸಲೇ ಇಲ್ಲ. ಚೂರೂ ಚೂರೂ ಎಂದು ಎಷ್ಟು ಸಲ ಕರೆದಳೋ ಏನೋ, "ಸಾಕಮ್ಮ, ಕಚಗುಳಿ ಆಗುತ್ತೆ" ಎಂದು ಮಗಳೇ ಕೊಸರಿಕೊಂಡಿತು.

ಮರುದಿನ ಮೇಜಿನ ಹತ್ತಿರ ಹೊಸಬಳು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಮುದುಕಿಯ ಸುದ್ದಿ ಅವಳಿಗೂ ತಲುಪಿತ್ತು.

"ಎಲ್ಲಾ ನೀವು ಮಾಡಿದ ಹಾಗೇ ಮಾಡಿದ್ದೆ ಅಕ್ಕ. ಎಲ್ಲಿ ತಪ್ಪಿತು ಗೊತ್ತಾಗ್ತಿಲ್ಲ" ಅಂದಳು. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ಹೇಳಲಾ? ನಿನ್ನೆ ಅಮ್ಮನಿಗೆ ಫೋನು ಮಾಡಿದೆ. ನೀನು ಯಾರಮ್ಮಾ ಅಂದ್ರು. ನನಗೂ ಅವರ ಮುಖ ನೆನಪಾಗ್ಲಿಲ್ಲ. ಕಣ್ಣು ಮುಚ್ಚಿದ್ರೆ ನಿಮ್ಮ ಅತ್ತೆ ಮುಖ ಬರುತ್ತೆ."

ಟಣ್ಣಕ್ಕನಿಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಪಾಪ, ಇದೂ ಯಾರದೋ ಮನೆಯ ಮಗು. ಅವಳ ಕಣ್ಣೊರೆಸಿ ಸುತ್ತಿಗೆಯನ್ನು ಕೈಗಿಟ್ಟಳು.

"ತಪ್ಪು ನಿನ್ನದಲ್ಲ. ನಾನೇ ಸುಳ್ಳು ಹೇಳಿದ್ದೆ. ನಾನು ಎಣಿಸ್ತಿರಲಿಲ್ಲ."

"ಮತ್ತೆ?"

"ಹೇಳೇ ಚೂರೂ, ಅಂತಿದ್ದೆ. ಮಗುನ ಕೇಳೋ ಹಾಗೆ ಕೇಳಬೇಕು. ಹೆದರಿಸಬಾರದು."

ಹುಡುಗಿ ಕಣ್ಣು ಮುಚ್ಚಿದಳು. "ಹೇಳೇ ಚೂರೂ" ಎಂದು ಮೆಲ್ಲಗೆ ಅಂದು ತಟ್ಟಿದಳು. ಕಳಿಸಲು ಒಪ್ಪಮಾಡಿ ಇಟ್ಟಿದ್ದ ರಾಶಿಯಿಂದ ಒಂದನ್ನು ತೆಗೆದು ಪಕ್ಕಕ್ಕಿಟ್ಟಳು, ಮತ್ತೊಂದನ್ನು ತೆಗೆದಳು. ಕೆಂಡ ಬಂದು ಅವನ್ನು ಒಡೆದು ತೋರಿಸಿದ. ಒಳಗೆ ಕೂದಲೆಳೆಯಂಥ ಬಿರುಕು ಕಪ್ಪಗೆ ಕಾಣುತ್ತಿತ್ತು. ಹುಡುಗಿಗೆ ಒಂದೂ ತಪ್ಪಲಿಲ್ಲ. ಕೆಂಡ ಹೋಳುಗಳನ್ನು ಬಿಟ್ಟು ಟಣ್ಣಕ್ಕನ ಮುಖವನ್ನೇ ನೋಡುತ್ತ ನಿಂತ. "ಅಕ್ಕಾ" ಎಂದು ಕರೆದ. ಅವಳು ಯಾರನ್ನೋ ಕರೆಯುತ್ತಿದ್ದಾನೆ ಎಂದುಕೊಂಡು ಹಿಂದೆ ತಿರುಗಿ ನೋಡಿದಳು. ಅವಳಿಗೆ ನೋವೇನೂ ಆಗಿರಲಿಲ್ಲ. ಉಸಿರು ಹಗುರವಾಗಿತ್ತು, ಮೂಗಿನಲ್ಲಿದ್ದ ಮರಳಿನ ವಾಸನೆ ಹೋಗಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ಮೇಡಂ, "ಇವತ್ತು ಬೇಗ ಮನೆಗೆ ಹೋಗಿ. ನಾಳೆಯಿಂದ ಮೇಲೆ" ಅಂದಳು. ಬರಲ್ಲ ಎಂದು ತಾನು ಮೊದಲೊಮ್ಮೆ ಹೇಳಿದ್ದು ಮಬ್ಬಾಗಿ ನೆನಪಿತ್ತು. ಯಾಕೆ ಹಾಗೆ ಹೇಳಿದ್ದು ಎಂಬುದು ನೆನಪಾಗಲಿಲ್ಲ.

ಇನ್ನೂ ಬಿಸಿಲಿರುವಾಗಲೇ ಅವಳು ಮನೆಗೆ ಬಂದಳು. ಬಾಗಿಲು ತೆರೆದೇ ಇತ್ತು. ತಟ್ಟದೆ ಒಳಗೆ ಹೋದಳು, ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಅತ್ತೆ ನೆಲದ ಮೇಲೆ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದಳು.

"ಯಾರದು?" ಅಂದಳು ಅತ್ತೆ.

ಅವಳು ಕುರ್ಚಿಯಲ್ಲಿ ಕೂತು, ಅಂಗೈ ಮೇಲೆ ಅಂಗೈ ಇಟ್ಟುಕೊಂಡಳು. ಪರದೆಯ ಕೆಳಗೆ ಎರಡು ಪುಟ್ಟ ಪಾದಗಳು ಕಾಣುತ್ತಿದ್ದವು. ಪರದೆ ನಗು ತಡೆಯಲಾರದೆ ಅಲುಗುತ್ತಿತ್ತು. ಯಾರೋ ಏನೋ ಮಾಡಲಿ ಎಂದು ಅದು ಕಾಯುತ್ತಿದೆ ಎಂದು ಅವಳಿಗೆ ತಿಳಿಯಿತು. ಅವಳು ಮಗುವಿನ ಶಾಲೆಯ ಹೆಸರು ಹಿಡಿದು ಕರೆದಳು. ಪರದೆ ಅಲುಗುವುದು ನಿಂತಿತು.

"ಅಮ್ಮಾ, ಸರಿಯಾಗಿ ಕರಿ" ಎಂದಿತು ಪರದೆಯ ಹಿಂದಿನ ದನಿ.

ಅವಳು ಹುಡುಕಿದಳು. ಅಲ್ಲೇ ನಾಲಿಗೆಯ ತುದಿಯಲ್ಲೇ ಏನೋ ಇದ್ದ ಜಾಗ ಖಾಲಿಯಿತ್ತು. ಕತ್ತು ತಾನಾಗಿ ಮೆಲ್ಲಗೆ ಆಡಿತು, ತುಟಿಯ ಮೇಲೆ ನಗು ಬಂತು.

"ನಿನಗೇನು ಅನಿಸುತ್ತೆ?" ಎಂದು ಕೇಳಿದಳು.

ಅತ್ತೆಯ ಕೈಯಲ್ಲಿದ್ದ ಕಾಯಿ ಹಾಗೆಯೇ ನಿಂತಿತು. ಮಂಜುಗಣ್ಣನ್ನು ಕಿರಿದು ಮಾಡಿ ಕುರ್ಚಿಯ ಕಡೆ ನೋಡಿದಳು. "ಯಾರಮ್ಮಾ ನೀವು?" ಅಂದಳು. ಅವಳ ದನಿಯಲ್ಲಿ ಇದ್ದದ್ದು ಹೆದರಿಕೆ.

ಅಷ್ಟರಲ್ಲಿ ಬಾಗಿಲ ಮೇಲೆ ಸದ್ದಾಯಿತು. ಎರಡು ಸಲ ಬೇಗ ಬೇಗ, ಸ್ವಲ್ಪ ತಡೆದು ಮೂರನೆಯದು ಮೆಲ್ಲಗೆ. ಆಚೆಯಿಂದ, ಕೊನೆಯಲ್ಲಿ ಸಣ್ಣ ಬಿಕ್ಕಳಿಕೆಯಿದ್ದ ಒಂದು ನಗು, ಅದರ ಹಿಂದೆಯೇ ಒಂದು ಕರೆ ಕೇಳಿತು.

"ಎಲ್ಲಿದ್ದೀಯೇ ಚೂರೂ?"

ಪರದೆ ಸರ್ರನೆ ಸರಿಯಿತು. ಮಗು ಬಾಗಿಲ ಕಡೆ ಓಡಿತು, ಅರ್ಧದಲ್ಲೇ ನಿಂತಿತು. ಕುರ್ಚಿಯಲ್ಲಿದ್ದವಳ ಮುಖವನ್ನು ನೋಡಿತು, ಮುಚ್ಚಿದ ಬಾಗಿಲನ್ನು ನೋಡಿತು. ಕಣ್ಣು ಒಂದು ಹೇಳುತ್ತಿತ್ತು, ಕಿವಿ ಇನ್ನೊಂದು ಹೇಳುತ್ತಿತ್ತು. ಕುರ್ಚಿಯಲ್ಲಿದ್ದವಳು ಕರೆಯುತ್ತಾಳೇನೋ ಎಂದು ಅದು ತುಂಬ ಹೊತ್ತು ಕಾಯುತ್ತ ನಿಂತಿತು.

ಹೊರಗಿನವಳು ಇನ್ನೊಂದು ಸಲ ಕರೆದಳು. ಮಗು ಹೋಗಿ ಬಾಗಿಲು ತೆಗೆಯಿತು.

"ಬಾಗಿಲು ನಮ್ಮದೇ ಕಣೇ, ಒಳಗೆ ಬಾ" ಎಂದು ಅತ್ತೆ ನಿಟ್ಟುಸಿರು ಬಿಟ್ಟಳು. "ಎಷ್ಟು ಹೊತ್ತು ಮಾಡಿದೆ. ನೋಡು, ನಿಮ್ಮ ಆಫೀಸಿನವರು ಯಾರೋ ಬಂದು ಕೂತಿದ್ದಾರೆ."

ಕುರ್ಚಿಯಲ್ಲಿದ್ದವಳು ಮರ್ಯಾದೆಗೆಂದು ಎದ್ದು ನಿಂತಳು. ಮಗು ಬಂದವಳ ಸೆರಗು ಹಿಡಿದುಕೊಂಡಿತ್ತು. ಸದ್ಯ, ಮಗುವಿಗೆ ಅಮ್ಮ ಬಂದಳಲ್ಲ ಎಂದು ಅವಳಿಗೆ ನಿಜಕ್ಕೂ ಸಮಾಧಾನವಾಯಿತು.